ಮದುವೆ ಮನೆಯಲ್ಲಿ ಸಾವಿನ ಮಾತಾಡುವ ವರದಾಬಾಯಿ

ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಮಾತ್ರ ನಡುಹಗಲಿನ ಗದ್ದಲ. ಈರುಳ್ಳಿ ಚೀಲ ಹೊತ್ತ ಹಮಾಲರು ‘ಬಾಜೂಲಾ, ಬಾಜೂಲಾ’ ಎನ್ನುತ್ತ ದಾರಿ ಬಿಡಿಸಿಕೊಂಡು ನುಗ್ಗುತ್ತಿದ್ದಾರೆ. ಕೊತ್ತಂಬರಿ ಸಾಲಿನ ಕೊನೆಗೆ, ಚಹಾದ ಗಾಡಿಯ ಪಕ್ಕದಲ್ಲಿ, ಬೂದು ಬಣ್ಣದ ಕಾಟನ್ ಸೀರೆಯ ಹೆಂಗಸೊಬ್ಬರು ನಿಂತಿದ್ದಾರೆ. ಹೆಗಲಿಗೊಂದು ಬ್ಯಾಗು, ಕಾಲಿಗೆ ಕ್ಯಾನ್ವಾಸ್ ಶೂ. ಸೊಪ್ಪಿನವ ಎರಡು ಸಲ ‘ಕಾಯ ಪಾಹಿಜೆ ತಾಈ?’, ಏನು ಬೇಕಕ್ಕಾ, ಎಂದು ಕೇಳಿ ಸುಮ್ಮನಾಗಿದ್ದಾನೆ. ಇವರಿಗೆ ಸೊಪ್ಪು ಬೇಕಿಲ್ಲ, ಮದುವೆ ಬೇಕು.

ವರದಾ ಹುಯಿಲಗೋಳ ಅವರಿಗೆ ಈಗ ಐವತ್ತೆಂಟು. ಪುಣೆಯ ಕನ್ನಡಿಗರು ಹೊರದೇಶದಲ್ಲಿ ಮದುವೆ ಇಟ್ಟುಕೊಂಡರೆ ಅದಕ್ಕೆ ವಿಮೆ ಆರಿಸಿ ಮಾಡಿಸಿಕೊಡುವುದು ಅವರ ಕೆಲಸ. ಹಾಗೊಂದು ಕೆಲಸ ಇದೆಯೇ ಎಂದು ನಾನೂ ಹುಬ್ಬೇರಿಸಿದ್ದೆ. ಇದೆ ಸ್ವಾಮಿ. ಇಲ್ಲಿನ ಪಾಲಿಸಿ ಬಹಳಷ್ಟು ಸಲ ದೇಶದ ಗಡಿ ದಾಟುವುದೇ ಇಲ್ಲ, ಅದನ್ನು ಬೇರೆಯಾಗಿ ಬರೆಸಬೇಕು. ನೆಂಟರ ಪ್ರಯಾಣದ ವಿಮೆ ಬೇರೆ. ಹಾಲ್‌ಗೆ ಬೆಂಕಿ ಬಿದ್ದರೆ ಯಾರು ಹೊಣೆ ಎಂದು ರೆಸಾರ್ಟಿನವರು ಕೇಳುವ ವಿಮೆ ಬೇರೆ. ಮನೆಯವರು ಯಾರಾದರೂ ತೀರಿಕೊಂಡು ಮದುವೆ ನಿಂತರೆ ಪರಿಹಾರವುಂಟು, ಆದರೆ ಪಾಲಿಸಿಯಲ್ಲಿ ಹೆಸರು ಬರೆಸಿದವರು ತೀರಿಕೊಂಡರೆ ಮಾತ್ರ. ಹುಡುಗನ ಮನಸ್ಸು ಬದಲಾಗಿ ನಿಂತರೆ ಯಾವ ಕಂಪನಿಯೂ ಕಾಸು ಬಿಚ್ಚುವುದಿಲ್ಲ.

ಈ ‘ಹೆಸರು ಬರೆಸಿದವರು’ ಎಂಬ ಮಾತಿನಲ್ಲೇ ವರದಾಬಾಯಿಯ ಬದುಕು ಸಿಕ್ಕಿಕೊಂಡಿದೆ. ಅಜ್ಜನಿಗೆ ಹೃದಯದ ತೊಂದರೆ ಇದೆಯೇ, ಯಾರು ಹೋದರೆ ನಿಮ್ಮ ಮನೆಗೆ ಸೂತಕ, ಇವನ್ನೆಲ್ಲ ಅವರು ಬಾಯಿಬಿಟ್ಟು ಕೇಳಬೇಕು. ಅದೂ ಚಪ್ಪರದ ಮಾತು ನಡೆಯುತ್ತಿರುವ ಮನೆಯಲ್ಲಿ. ಮೊದಲ ಪ್ರಶ್ನೆಗೇ ಯಾರಾದರೊಬ್ಬರು ‘ಬಿಡ್ತು ಅನ್ರಿ’ ಎನ್ನುತ್ತಾರೆ. ಎರಡನೆಯದಕ್ಕೆ ಹೆಂಗಸರು ಎದ್ದು ಒಳಗೆ ಹೋಗುತ್ತಾರೆ. ಹಾಗಾಗಿ ಇವರಿಗೆ ಹೆಚ್ಚು ಮದುವೆ ಕೊಡುತ್ತಿದ್ದ ಹೋಟೆಲಿನವರಲ್ಲಿ ಬಹಳ ಮಂದಿ ಇವರನ್ನು ಮನೆಗೆ ಕರೆಯುತ್ತಿರಲಿಲ್ಲ. ಬೆಳಗಾಗೆದ್ದು ತರಕಾರಿ ತರಲು ಮಾರ್ಕೆಟ್ಟಿಗೆ ಹೇಗೂ ಬರುತ್ತೇವಲ್ಲ, ಅಲ್ಲೇ ಸಿಗಿ ಎನ್ನುತ್ತಿದ್ದರು.

“ಮೊದಲ ನಾ ಹಿಂಗ, ಮ್ಯಾಲೆ ನನ್ನ ಮಾತು ಹಂಗ. ಅವರದೇನು ತಪ್ಪದರಿ?” ಎನ್ನುತ್ತ ಬೋಳು ಹಣೆಯನ್ನು ಬೆರಳಿನಿಂದ ತೋರಿಸುತ್ತಾರೆ. ನಗುತ್ತಲೇ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ.

ಗದಗಿನ ಕಡೆಯ ಹುಡುಗಿ ಮದುವೆಯಾಗಿ ಪುಣೆಗೆ ಬಂದದ್ದು. ಗಂಡ ಕುರಕುಂಭದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್, ಬಿಡುವಿನಲ್ಲಿ ವಿಮೆ ಏಜೆಂಟ್. ಕಾಮಾಲೆ ತಿರುಗಿ ಅವರು ಹೋದಾಗ ಮನೆಯಲ್ಲಿ ಉಳಿದದ್ದು ಇವರು ಮತ್ತು ಆ ಏಜೆನ್ಸಿ. ಮಕ್ಕಳಿಲ್ಲ. ತವರಿನಲ್ಲಿದ್ದ ಒಬ್ಬನೇ ತಮ್ಮನೂ ಹೋದ, ಅವನಿಗೂ ಹಿಂದೆ ಮುಂದೆ ಯಾರಿಲ್ಲ. ಬಿಬ್ವೇವಾಡಿಯ ಒಂದು ಕೋಣೆಯ ಮನೆಯಲ್ಲಿ ಇವರಿಗೆ ದಿನಕ್ಕೊಂದು ಮಾತು ಸಿಗುವುದು ಪಕ್ಕದ ರಂಗೂಬಾಯಿಯಿಂದ. ಅದೂ ಹಾಲಿನ ಪಾಕೀಟು ಕೊಡುವಾಗ, ಮರಾಠಿಯಲ್ಲಿ.

ಮದುವೆಯ ದಿನ ಏನು ಮಾಡುತ್ತೀರಿ ಎಂದು ಕೇಳಿದೆ. ಫೋನ್ ಚಾರ್ಜಿಗೆ ಹಾಕಿ ಅದರ ಮುಂದೆ ಕೂತಿರುತ್ತಾರಂತೆ. ಅಲ್ಲಿನ ಹೊತ್ತು ಲೆಕ್ಕ ಹಾಕಿ, ಈಗ ಧಾರೆ ಆಗಿರಬೇಕು, ಈಗ ಊಟಕ್ಕೆ ಕೂತಿರಬೇಕು ಎಂದುಕೊಳ್ಳುತ್ತಾರಂತೆ. ಯಾರೂ ಫೋಟೋ ಕಳಿಸುವುದಿಲ್ಲ. “ಫೋನ್ ಬರಲಿಲ್ಲಂದ್ರ ಲಗ್ನ ಛಲೋ ಆತು ಅಂತ ತಿಳಕೋಬೇಕ್ರಿ,” ಎನ್ನುತ್ತಾರೆ. ಕೆಲಸ ಸರಿಹೋದರೆ ಯಾರೂ ನೆನೆಯದ ಕಸುಬು ಇದು.

ಒಂದು ಸಲ ಫೋನ್ ಬಂತು.

ಎರಡು ವರ್ಷದ ಹಿಂದಿನ ಮಾತು. ಸ್ವಾರಗೇಟ್ ಕಡೆ ಹೋಟೆಲ್ ನಡೆಸುವ ರಘುರಾಮ ಶೆಟ್ಟರ ಮಗ ಪೃಥ್ವಿರಾಜನ ಮದುವೆ ಶ್ರೀಲಂಕಾದ ಕಡಲ ದಂಡೆಯಲ್ಲಿ ನಿಶ್ಚಯವಾಗಿತ್ತು. ಶೆಟ್ಟರು ಮನೆಗೇ ಕರೆಸಿಕೊಂಡರು, ವರದಾಬಾಯಿ ವಾಡಿಕೆಯಂತೆ ಪ್ರಶ್ನೆ ಶುರುಮಾಡಿದರು. ಶೆಟ್ಟರ ಹೆಂಡತಿ ಪಂಕಜಾಕ್ಷಿ, ಅಶುಭದ ಮಾತು ಕಿವಿಗೆ ಬೀಳುವುದೇ ಬೇಡವೆಂದು ಎದ್ದು ಅಡುಗೆಮನೆಗೆ ನಡೆದರು. ಉಳಿದವರು ಗಂಡಸರು. ಧಾರವಾಡ ಸೀಮೆಯ ವರದಾಬಾಯಿಗೆ ಸೂತಕವೆಂದರೆ ಅಪ್ಪನ ಕಡೆಯದು. ‘ಅಣ್ಣತಮ್ಮಂದಿರ ಹೆಸರು ಹೇಳ್ರಿ’ ಎಂದರು. ಕಾಗದಕ್ಕೆ ಅದೇ ಬೇಕೇನೋ ಎಂದು ಶೆಟ್ಟರೂ ತಮ್ಮ ಅಣ್ಣತಮ್ಮಂದಿರ ಹೆಸರು ಹೇಳಿ ಸಹಿ ಹಾಕಿದರು.

ಆದರೆ ಕರಾವಳಿಯ ಶೆಟ್ಟರ ಮನೆತನದಲ್ಲಿ ಮಕ್ಕಳು ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ, ಸೇರಿದವರು. ಸೂತಕ ಬರುವುದೂ ತಾಯಿಯ ಕಡೆಯಿಂದ. ಮದುವೆಗೆ ಇನ್ನು ನಾಲ್ಕು ದಿನ ಎನ್ನುವಾಗ ಕಾರ್ಕಳದಲ್ಲಿ ಪಂಕಜಾಕ್ಷಿಯವರ ಅಣ್ಣ, ಅಂದರೆ ಮದುಮಗನ ಸೋದರಮಾವ, ಮಲಗಿದವರು ಏಳಲಿಲ್ಲ. ಮದುವೆ ನಿಂತಿತು. ಪಾಲಿಸಿಯಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಇದ್ದರು, ಮಾವ ಇರಲಿಲ್ಲ. ಕಂಪನಿ ಪರಿಹಾರ ಇಲ್ಲವೆಂದುಬಿಟ್ಟಿತು. ಮೇಲಿನವರ ಮುಂದೆ ವರದಾಬಾಯಿ ಎಷ್ಟು ಗೋಗರೆದರೂ ಅಷ್ಟೇ.

ಶೆಟ್ಟರ ಮನೆಯವರು ಒಂದು ಮಾತೂ ಆಡಲಿಲ್ಲವಂತೆ. “ಬೈದಿದ್ರ ಭಾಳ ಛಲೋ ಇತ್ರಿ. ಕುರ್ಚಿ ಕೊಟ್ರು, ಚಹಾ ಕೊಟ್ರು, ಕಳಿಸಿದ್ರು,” ಎನ್ನುವಾಗ ವರದಾಬಾಯಿ ನನ್ನ ಮುಖ ನೋಡುವುದಿಲ್ಲ. ಪುಣೆಯ ಹೋಟೆಲಿನವರು ಒಬ್ಬರಿಗೊಬ್ಬರು ನೆಂಟರು. ಒಂದು ಮನೆ ಕರೆಯುವುದು ಬಿಟ್ಟರೆ ಉಳಿದವರಿಗೂ ಗೊತ್ತಾಗುತ್ತದೆ. ಅಲ್ಲಿಂದೀಚೆಗೆ ಹೋಟೆಲಿನವರ ಮದುವೆ ಇವರ ಪಾಲಿಗೆ ಬಂದಿಲ್ಲ. ಈಗ ಹೊಸಬರು ಯಾರೇ ಸಿಕ್ಕಲಿ, ‘ನಿಮ್ಮಲ್ಲಿ ಸೂತಕ ಯಾವ ಕಡೆಯಿಂದ್ರಿ?’ ಎಂದೇ ಮಾತು ತೆಗೆಯುತ್ತಾರೆ. ಕೇಳಿದವರು ಗಾಬರಿಯಾಗುತ್ತಾರೆ, ಅದು ಬೇರೆ ಮಾತು.

ಮೊನ್ನೆ ಪಂಕಜಾಕ್ಷಿಯವರೇ ಫೋನ್ ಮಾಡಿದ್ದಾರೆ. ಮಗಳು ಶರಣ್ಯಾಳ ಮದುವೆ. ಹುಡುಗನ ಕಡೆಯವರೆಲ್ಲ ಮಸ್ಕತ್‌ನಲ್ಲಿರುವುದರಿಂದ ಮದುವೆಯೂ ಅಲ್ಲೇ. ಮಾರ್ಕೆಟ್ಟಿನಲ್ಲಿ ಸಿಗಿ, ಮಾತಾಡುವುದುಂಟು ಎಂದಷ್ಟೇ ಹೇಳಿ ಫೋನ್ ಇಟ್ಟರಂತೆ. ಮದುವೆ ಕೊಡುವುದಕ್ಕೋ, ಅಂದು ಆಡದೆ ಉಳಿಸಿಕೊಂಡ ಮಾತು ಆಡುವುದಕ್ಕೋ, ವರದಾಬಾಯಿಗೆ ಗೊತ್ತಿಲ್ಲ. ಆ ಹೆಂಗಸು ಇನ್ನೊಮ್ಮೆ ತಮ್ಮನ್ನು ನಂಬುತ್ತಾರೋ ಇಲ್ಲವೋ ಎಂಬುದೊಂದೇ ಅವರಿಗೆ ಈ ಬೆಳಿಗ್ಗೆ ಬೇಕಾಗಿರುವುದು. ಚಹಾ ಆರಿ ತಣ್ಣಗಾಗಿದೆ.

ಪಂಕಜಾಕ್ಷಿ ಒಬ್ಬರೇ ಬರುತ್ತಾರೆ. ಗಂಡ ತೆಂಗಿನಕಾಯಿ ನೋಡಲು ಹೋಗಿದ್ದಾರೆ. ಖಾಲಿ ಬುಟ್ಟಿಯೊಂದನ್ನು ಮಗುಚಿ ಹಾಕಿಕೊಂಡು ಕೂರುತ್ತಾರೆ, ವರದಾಬಾಯಿಗೂ ಒಂದನ್ನು ತಳ್ಳುತ್ತಾರೆ.

“ಆವತ್ತು ನಾನು ಎದ್ದು ಒಳಗೆ ಹೋಗಬಾರದಿತ್ತು ಮಾರಾಯ್ರೆ. ಇವತ್ತು ಏಳುದಿಲ್ಲ. ನೀವು ಕೇಳಿ, ನಾನು ಹೇಳ್ತೇನೆ.”

ವರದಾಬಾಯಿ ಕೇಳುತ್ತಾರೆ. ಪಂಕಜಾಕ್ಷಿ ತಮ್ಮ ಉಳಿದ ತಮ್ಮಂದಿರನ್ನು, ಅಕ್ಕನನ್ನು, ಅಕ್ಕನ ಮಕ್ಕಳನ್ನು, ಚಿಕ್ಕಮ್ಮನ ಮಕ್ಕಳನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಹೇಳುತ್ತಾರೆ. ಬದುಕಿರುವವರನ್ನು ಸಾವಿನ ಸಲುವಾಗಿ ನೆನೆಯುವ ಕೆಲಸ. ಒಂದೊಂದು ಹೆಸರಿಗೂ ಅವರು ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಿ ನಾನು ಹೂವಿನ ಸಾಲಿನ ಕಡೆ ಮುಖ ತಿರುಗಿಸುತ್ತೇನೆ. ಮೂಡಬಿದಿರೆಯಲ್ಲಿ ಹಾಸಿಗೆ ಹಿಡಿದಿರುವ ದೊಡ್ಡಮ್ಮನ ಹೆಸರು ಬಂದಾಗ ವರದಾಬಾಯಿ ಪೆನ್ನು ನಿಲ್ಲಿಸುತ್ತಾರೆ. ಮೊದಲೇ ಕಾಯಿಲೆ ಇದ್ದವರಿಗೆ ಕಂಪನಿ ಕೊಡುವುದಿಲ್ಲ, ಬರೆದರೆ ಬರೀ ಕಣ್ಣೊರೆಸುವ ಆಟ ಎಂದು ನೇರವಾಗಿ ಹೇಳುತ್ತಾರೆ. ದೊಡ್ಡಮ್ಮನ ಸಲುವಾಗಿ ದೊಡ್ಡ ಪಾಲಿಸಿ ಕೊಳ್ಳಬೇಡಿ, ಒಂದು ಸಲ ತಾರೀಖು ಮುಂದೂಡಲು ಬಿಡುತ್ತೇವೆ ಎಂದು ರೆಸಾರ್ಟಿನವರಿಂದಲೇ ಬರೆಸಿಕೊಳ್ಳಿ ಎನ್ನುತ್ತಾರೆ. ದೊಡ್ಡ ಪಾಲಿಸಿ ಮಾರಿದ್ದರೆ ಇವರಿಗೇ ಲಾಭವಿತ್ತು.

ಪಂಕಜಾಕ್ಷಿ, “ಆಯ್ತು. ಶರಣ್ಯಾಳದ್ದು ನೀವೇ ಮಾಡಿ,” ಎನ್ನುತ್ತಾರೆ.

ವರದಾಬಾಯಿ ತಲೆಯಾಡಿಸುತ್ತಾರೆ. ಸೆರಗಿನಿಂದ ಮೂಗು ಒರೆಸಿಕೊಂಡು ಬ್ಯಾಗಿನ ಚೈನು ಎಳೆಯುತ್ತಾರೆ. ಏಳುವಾಗ ಪಂಕಜಾಕ್ಷಿ, ಇಷ್ಟು ಜನರ ಮನೆಯ ಲೆಕ್ಕ ಕೇಳಿದಿರಿ, ನಿಮಗೆ ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ.

“ನನ್ನ ಸೂತಕ ಹಿಡಿಯೋರು ಯಾರೂ ಇಲ್ರಿ,” ಎನ್ನುತ್ತಾರೆ ವರದಾಬಾಯಿ. “ನನ್ನ ಸಲುವಾಗಿ ಯಾರ ಲಗ್ನನೂ ನಿಂದರೂದಿಲ್ಲ. ಯಾರಿಗೂ ತ್ರಾಸಿಲ್ಲ.”

ಪಂಕಜಾಕ್ಷಿ ಏನೋ ಹೇಳಲು ಹೋಗುತ್ತಾರೆ. ಅಷ್ಟರಲ್ಲಿ ಶೆಟ್ಟರು ಟೆಂಪೋದಿಂದ ಕೂಗಿ ಕರೆಯುತ್ತಾರೆ. ಪಂಕಜಾಕ್ಷಿ ವರದಾಬಾಯಿಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು ಹೋಗುತ್ತಾರೆ. ಮಸ್ಕತ್‌ಗೆ ಬನ್ನಿ ಎಂದು ಕರೆಯಲಿಲ್ಲ. ಕರೆಯಬಹುದಿತ್ತು ಎಂದು ನನಗೆ ಸಿಟ್ಟು ಬರುತ್ತದೆ. ವರದಾಬಾಯಿಗೆ ಬಂದಂತಿಲ್ಲ.

ಬಿಸಿಲು ಏರಿದೆ, ಹಮಾಲರು ಚಹಾಕ್ಕೆ ಕೂತಿದ್ದಾರೆ. ಬಸ್ ಸ್ಟಾಪಿನವರೆಗೆ ಜೊತೆಗೆ ನಡೆಯುತ್ತ, ನಿಮಗೇನು ಆಸೆ ಉಳಿದಿದೆ ಎಂದು ಕೇಳುತ್ತೇನೆ. ನಮ್ಮಂಥ ಪತ್ರಿಕೆಗೆ ಬರೆಯುವವರು ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಮದುವೆಗೊಂದು ಕರೆ, ವಿಮಾನದಲ್ಲೊಂದು ಪ್ರಯಾಣ ಎನ್ನುತ್ತಾರೇನೋ ಅಂದುಕೊಂಡಿದ್ದೆ. ವರದಾಬಾಯಿ ಬಸ್ಸಿನ ನಂಬರು ನೋಡುತ್ತಲೇ ಉತ್ತರ ಕೊಡುತ್ತಾರೆ.

“ಸೂತಕದಾಗ ಒಗ್ಗರಣಿ ಹಾಕೂದಿಲ್ಲಲ್ರಿ? ನಾ ಹೋದ ಸುದ್ದಿ ಕೇಳಿ, ನಾ ಸೂತಕದ ಲೆಕ್ಕ ಬರಕೊಂಡ ಇಷ್ಟು ಮನಿಯೊಳಗ ಯಾವುದರೆ ಒಂದು ಮನ್ಯಾಗ ಒಂದು ಹೊತ್ತು ಒಗ್ಗರಣಿ ಹಾಕದ ಉಂಡ್ರ ಸಾಕ್ರಿ. ಹತ್ತು ದಿವಸ ಬ್ಯಾಡ.”