ಗಿರಿಜಕ್ಕನ ಬಾಳೆನಾರು

ಪಿಂಗಾಣಿ ಬಿಲ್ಲೆಯನ್ನು ಗಿರಿಜಕ್ಕ ಕಣ್ಣಿಗಿಂತ ಮೊದಲು ಕಿವಿಗೆ ಹಿಡಿಯುತ್ತಿದ್ದರು. ಹಳೆಯ ಎಂಟಾಣೆಯಷ್ಟು ಅಗಲದ, ನಡುವೆ ತೂತಿರುವ ಬಿಳಿ ಬಿಲ್ಲೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಉಗುರಿನಿಂದ ಒಮ್ಮೆ ಮೀಟುವರು. ಟಿಣ್ ಎಂದರೆ ಬಲಗಡೆಯ ತಟ್ಟೆಗೆ, ಟಕ್ ಎಂದರೆ ಎಡಗಡೆಗೆ. ಎಡಗಡೆಗೆ ಬಿದ್ದದ್ದನ್ನು ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲೋ ಒಂದು ಕೂದಲೆಳೆಯ ಬಿರುಕು ಇದ್ದೇ ಇರುತ್ತಿತ್ತು. "ಮಡಕೆ ತೆಗೆದುಕೊಳ್ಳುವಾಗ ನನ್ನ ಅಮ್ಮ ಹೀಗೇ ಬಡಿದು ನೋಡುತ್ತಿದ್ದದ್ದು. ಇದೂ ಮಡಕೆಯೇ ಅಲ್ವಾ, ಸ್ವಲ್ಪ ಓದಿದ ಮಡಕೆ" ಎನ್ನುವರು.

ಮಣಿಪಾಲದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ನಾವು ಜೊತೆಗಿದ್ದೆವು. ಗಾಳಿ ಹೊಗದಂತೆ ಮುಚ್ಚಿದ ವಿದ್ಯುತ್ ಉಪಕರಣಗಳ ಒಳಕ್ಕೆ ಕರೆಂಟನ್ನು ದಾಟಿಸುವ ಟರ್ಮಿನಲ್ ತಯಾರಿಸುವುದು ಅಲ್ಲಿನ ಕೆಲಸ. ಬಿಲ್ಲೆಯ ತೂತಿನಲ್ಲಿ ಒಂದು ಲೋಹದ ಕಡ್ಡಿ, ಹೊರ ಅಂಚಿಗೆ ಲೋಹದ ಪಟ್ಟಿ; ಎರಡಕ್ಕೂ ಬೆಳ್ಳಿಯ ಬೆಸುಗೆ. "ಕರೆಂಟಿಗೆ ಬಾಗಿಲು, ಗಾಳಿಗೆ ಗೋಡೆ. ಇಷ್ಟೇ ನಮ್ಮ ಕೆಲಸ" ಎಂದು ಮೊದಲ ದಿನವೇ ಗಿರಿಜಕ್ಕ ನನಗೆ ಹೇಳಿಕೊಟ್ಟಿದ್ದರು. ಪಿಂಗಾಣಿಗೆ ಬೆಸುಗೆ ನೇರವಾಗಿ ಹಿಡಿಯುವುದಿಲ್ಲ. ಮೊದಲು ತೂತಿನ ಒಳಗೂ ಅಂಚಿಗೂ ಲೋಹದ ಪುಡಿಯ ಬೂದು ಲೇಪವನ್ನು ಬ್ರಷ್ಷಿನಿಂದ ಬಳಿದು, ಸುಟ್ಟು, ಮೇಲೆ ನಿಕ್ಕಲ್ ಏರಿಸಬೇಕು. ಬಳಿಯುವವಳು ನಾನು, ಶಶಿ. ಕಾರ್ಕಳದಲ್ಲಿ ನಾನಿದ್ದ ಗೇರುಬೀಜದ ಕಾರ್ಖಾನೆ ಮುಚ್ಚಿದ ಮೇಲೆ ಬಂದು ಸೇರಿದ್ದೆ. ಬೀಜ ಸುಲಿದು ಸುಲಿದು ಕಪ್ಪಾದ ಬೆರಳುಗಳಿಗೆ ಬ್ರಷ್ಷು ಹಿಡಿಯಲು ಬಂದದ್ದೇ ನನಗೊಂದು ಹೆಮ್ಮೆ.

ಗಿರಿಜಕ್ಕನ ಮನೆ ಶಂಕರಪುರದಲ್ಲಿ. ಬೆಳಿಗ್ಗೆ ಮಲ್ಲಿಗೆ ಕೊಯ್ದು, ಕಟ್ಟಿ, ಹೂ ಕೊಳ್ಳುವವರ ಕಟ್ಟೆಗೆ ಮುಟ್ಟಿಸಿಯೇ ಬಸ್ಸು ಹತ್ತುವರು. ತಾವು ಮುಡಿದ ತುಂಡನ್ನು ಘಟಕದ ಬಾಗಿಲಲ್ಲೇ ತೆಗೆದು ಕಿಟಕಿಯ ಸರಳಿಗೆ ಸಿಕ್ಕಿಸುವರು, ಹೂವಿನ ಹುಡಿ ಒಳಗೆ ಬರಬಾರದೆಂದು. ಸಂಜೆ ಬಾಡಿದ್ದನ್ನೇ ಮತ್ತೆ ಮುಡಿದು ಹೊರಡುವರು. ಬೆಸುಗೆಯ ಕುಲುಮೆ ನೋಡಿಕೊಳ್ಳುವ ಬಸವರಾಜ ಬಾದಾಮಿ ಕಡೆಯವನು. ಅವನಿಗಾಗಿ ನಾವೆಲ್ಲ ತುಳು ಬಿಟ್ಟು ಕನ್ನಡದಲ್ಲಿ ಮಾತಾಡುತ್ತಿದ್ದೆವು. ಅವನ ಖಡಕ್ ರೊಟ್ಟಿಯನ್ನೂ ಗಿರಿಜಕ್ಕ ಒಮ್ಮೆ ಕಿವಿಯ ಬಳಿ ಹಿಡಿದು ಮೀಟಿ, ಬಿರುಕಿಲ್ಲ, ತಿನ್ನಬಹುದು ಎಂದಿದ್ದರು.

ನಿಕ್ಕಲ್ ಏರಿಸಿ ತೊಳೆದ ಬಿಲ್ಲೆಗಳು ತಟ್ಟೆಯಲ್ಲಿ ಒಂದಕ್ಕೊಂದು ತಾಗಿ ಗೀರು ಬೀಳುತ್ತಿತ್ತು. ಅದಕ್ಕೊಂದು ಉಪಾಯ ಹೂಡಿದವರು ಗಿರಿಜಕ್ಕ. ಮನೆಯಿಂದ ಹೂ ಕಟ್ಟುವ ಬಾಳೆನಾರು ತಂದರು. ನೀರಲ್ಲಿ ನೆನೆಸಿ ಮೆದು ಮಾಡಿ, ಬಿಲ್ಲೆಯ ತೂತಿನಲ್ಲಿ ಹಾಯಿಸಿ ಒಂದು ಗಂಟು, ಮತ್ತೊಂದು ಬಿಲ್ಲೆ, ಮತ್ತೊಂದು ಗಂಟು. ಒಂದಕ್ಕೊಂದು ತಾಗದ ಮಾಲೆ. ಘಟಕದ ಯಜಮಾನರಿಗೆ ಖುಷಿಯೋ ಖುಷಿ. ಅವರನ್ನು ನಾವು ಸರ್ ಎಂದೇ ಕರೆಯುತ್ತಿದ್ದೆವು. ಫೋಟೊ ತೆಗೆದುಕೊಂಡರು, ಬಂದವರಿಗೆಲ್ಲ ತೋರಿಸಿದರು.

ಆಮೇಲೆ ಸೋರಿಕೆ ಶುರುವಾಯಿತು. ತಯಾರಾದ ಪ್ರತಿ ಟರ್ಮಿನಲ್ಲನ್ನೂ ಹೀಲಿಯಂ ಗ್ಯಾಸು ಹಾಯಿಸಿ ಪರೀಕ್ಷಿಸುವ ಯಂತ್ರವೊಂದಿದೆ. ಕಣ್ಣಿಗೆ ಕಾಣದ ಸಂದನ್ನೂ ಅದು ಹಿಡಿಯುತ್ತದೆ. ಹತ್ತರಲ್ಲಿ ನಾಲ್ಕು ಫೇಲಾಗತೊಡಗಿದವು. ಲೇಪ ಸರಿಯಾಗಿ ಬಳಿದಿಲ್ಲ ಎಂದು ಸರ್ ತೀರ್ಮಾನಿಸಿದರು. ಹೊಸಬಳು ನಾನೊಬ್ಬಳೇ, ನನ್ನನ್ನು ಕಾಯಂ ಮಾಡಲು ಇನ್ನು ಹದಿನೈದು ದಿನವಿತ್ತು. ಅಷ್ಟರಲ್ಲಿ ಸರಿಹೋಗದಿದ್ದರೆ ಬೇರೆ ಜನ ನೋಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿ ಹೋದರು. ಮೆತ್ತಗೆ ಹೇಳಿದ್ದೇ ಹೆಚ್ಚು ನೋವಾಯಿತು. ನಾನು ಬ್ರಷ್ಷು ಬದಲಿಸಿದೆ, ಲೇಪವನ್ನು ಎರಡು ಸಲ ಕಲಸಿದೆ, ಊಟಕ್ಕೆ ಏಳದೆ ಬಳಿದೆ. ಸೋರಿಕೆ ನಿಲ್ಲಲಿಲ್ಲ.

ಗಿರಿಜಕ್ಕ ಎರಡು ದಿನ ನನ್ನ ಪಾಡು ನೋಡಿದರು. ಮೂರನೆಯ ದಿನ ಫೇಲಾದವುಗಳನ್ನು ಸಾಲಾಗಿ ಇಟ್ಟುಕೊಂಡು, ಯಾವ ಕಡೆ ಸೋರುತ್ತದೆ ಎಂದು ಬಸವರಾಜನನ್ನು ಕೇಳಿದರು. ಎಲ್ಲವೂ ನಡುವಿನ ತೂತಿನಲ್ಲೇ, ಅಂಚಿನಲ್ಲಿ ಒಂದೂ ಇಲ್ಲ ಎಂದ ಅವನು. "ಅಕ್ಕಾರ, ಬ್ರಷ್ಷೂ ಒಂದ, ಬಳಿಯೋ ಕೈನೂ ಒಂದ. ಅಂಚು ಚಲೋ ಐತಿ, ತೂತು ಯಾಕ ಕೆಡ್ತೈತ್ರಿ?"

ಗಿರಿಜಕ್ಕ ಮೇಜಿನ ಮೇಲಿದ್ದ ಮಾಲೆಯನ್ನು ನೋಡುತ್ತಾ ಕುಳಿತರು. ತೂತಿಗೆ ಮಾತ್ರ ತಾಗುವ ವಸ್ತು ಅಲ್ಲಿ ಒಂದೇ ಇತ್ತು.

ಅವರು ಬಾಯಿ ಮುಚ್ಚಿಕೊಂಡು ನಾರನ್ನು ಮನೆಗೆ ಒಯ್ದಿದ್ದರೆ ಸಾಕಿತ್ತು. ಸೋರಿಕೆ ತಾನಾಗಿ ನಿಲ್ಲುತ್ತಿತ್ತು, ನಾನು ಬಳಿಯಲು ಕಲಿತೆ ಎಂದು ಎಲ್ಲರೂ ತಿಳಿಯುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ನಾನು ಬಳಿದ ಇಪ್ಪತ್ತು ಬಿಲ್ಲೆ ತೆಗೆದುಕೊಂಡು, ಹತ್ತನ್ನು ನಾರಿಗೆ ಪೋಣಿಸಿ, ಹತ್ತನ್ನು ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಇಟ್ಟರು. ಒಂದು ದಿನ ಬಿಟ್ಟು ಎಲ್ಲವನ್ನೂ ಒಂದೇ ಸಲ ಕುಲುಮೆಗೆ ಹಾಕಿಸಿದರು. ಮರುದಿನ ಯಂತ್ರದ ಮುಂದೆ ಸರ್ ಅವರನ್ನೂ ಕರೆದು ನಿಲ್ಲಿಸಿದರು. ಬಿಡಿಯಾಗಿಟ್ಟ ಹತ್ತೂ ಪಾಸಾದವು. ಪೋಣಿಸಿದ್ದರಲ್ಲಿ ಐದು ಸೋರಿದವು.

"ಬಾಳೆಯ ರಸದ ಕರೆ ಸರ್" ಎಂದರು ಗಿರಿಜಕ್ಕ. "ಸೀರೆಗೆ ತಾಗಿದರೇ ಹೋಗುವುದಿಲ್ಲ, ಬೆಸುಗೆ ಹೇಗೆ ಕೂರುತ್ತದೆ? ನೆನೆಸಿದ ನಾರು ನನ್ನದು, ಪೋಣಿಸಿದ್ದು ನಾನು. ಶಶಿಯ ಕೈಯಲ್ಲಿ ಎಂತ ತಪ್ಪೂ ಇಲ್ಲ."

ಸರ್ ಸೋರಿದ ಐದನ್ನೂ ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದರು. ಅವರೇ ಅಲ್ಲವೇ ಫೋಟೊ ತೋರಿಸಿಕೊಂಡು ತಿರುಗಿದವರು. ಕೊನೆಗೆ, ನನಗೂ ಹೊಳೆಯಲಿಲ್ಲವಲ್ಲ ಎಂದು ತಲೆ ಕೆರೆದುಕೊಂಡು ಹೋದರು. ಆ ತಿಂಗಳ ಕೊನೆಗೆ ನಾನು ಕಾಯಂ ಆದೆ. ಬಿಲ್ಲೆಗೊಂದರಂತೆ ಕುಳಿಯಿರುವ ತಟ್ಟೆಗಳು ಬಂದವು. ಗಿರಿಜಕ್ಕ ಅದಕ್ಕೆ ಗುಳಿಯಪ್ಪದ ಕಾವಲಿ ಎಂದು ಹೆಸರಿಟ್ಟರು. ತಮ್ಮ ಮಾಲೆಯ ಕಥೆಯನ್ನು ಹೊಸದಾಗಿ ಸೇರಿದವರಿಗೆಲ್ಲ ತಾವೇ ನಗುತ್ತಾ ಹೇಳುವರು. ಅವರ ಬಾಯಲ್ಲಿ ಕೇಳಿದರೆ ತಪ್ಪು ಮಾಡುವುದೂ ಒಂದು ಮನೆಗೆಲಸವೇ, ಮಾಡಿ ಒರೆಸಿದರಾಯಿತು ಅನಿಸುತ್ತಿತ್ತು.

ಹೋದ ವರ್ಷ ಅವರು ನಿವೃತ್ತರಾದರು. ಕೊನೆಯ ದಿನ ಊಟಕ್ಕೆ ಎಂದಿನಂತೆ ಎದುರುಬದುರು ಕುಳಿತಿದ್ದೆವು. ಅವರ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಹೀರೆಕಾಯಿ ಸಿಪ್ಪೆಯ ಚಟ್ನಿ. ಇಷ್ಟು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಆಗ ಕೇಳಿದೆ: ಅವತ್ತು ಹೇಳದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಯಾಕೆ ಹೇಳಿದಿರಿ?

ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಎಂತ ಕೇಳ್ತೀಯ ಮಾರಾಯ್ತಿ? ಮರುದಿನ ನಿನ್ನ ಎದುರು ಕೂತು ಊಟ ಮಾಡ್ಬೇಕಿತ್ತಲ್ಲ ನನಗೆ" ಎಂದು, ಚಟ್ನಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಮರುದಿನ ಮಧ್ಯಾಹ್ನ ನನ್ನ ಎದುರಿನ ಬೆಂಚು ಖಾಲಿಯಿತ್ತು. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಡಬ್ಬಿ ಎತ್ತಿಕೊಂಡು ಹೋಗಿ ಬಸವರಾಜನ ಎದುರು ಕುಳಿತೆ.