ಗಂಟೆಯಲ್ಲೇ ಮಾತಾಡುವ ಕಾವಲುಗಾರ

ಕಟ್ಟುಹಲ್ಲು ಮಾಡುವುದು ಅವನ ಕಸುಬು. ಭಾನುವಾರ ಮಾತ್ರ ದಾಳದಾಟಕ್ಕೆ ಮೀಸಲು. ಅವನ ಊಟದ ಮೇಜಿನ ಸುತ್ತ ಮೂವರು ಗೆಳೆಯರು ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲೇ ಕಾಡು ಕೋಟೆಗಳನ್ನು ಸುತ್ತುತ್ತಿದ್ದರು; ದಾಳ ಬಿದ್ದಂತೆ ಮುಂದೇನಾಯಿತೆಂದು ಬಾಯಲ್ಲೇ ಹೇಳಿ ಕತೆ ಬೆಳೆಸುತ್ತಿದ್ದರು. ಪಾತ್ರ ಹುಟ್ಟಿಸುವುದರಲ್ಲಿ ಅವನದು ಎತ್ತಿದ ಕೈ: ನೀರಿಗೆ ಹೆದರುವ ಕಡಲ್ಗಳ್ಳ, ನೆರಳು ಕಳೆದುಕೊಂಡ ಮಂತ್ರವಾದಿ. "ಎಷ್ಟು ವಿಚಿತ್ರ ಆದ್ರೂ ಸರಿ, ಆಡೋಕೆ ಬರ್ಬೇಕು ಅಷ್ಟೆ," ಎನ್ನುತ್ತಿದ್ದ.

ಗಂಟಲಿನ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಅವನ ದನಿ ಪೂರ್ತಿ ಹೋಯಿತು. ಬರೆದು ತೋರಿಸುತ್ತ ಕೂತರೆ ಆಟ ಆರಿಹೋಗುತ್ತದೆಂದು, ಆಸ್ಪತ್ರೆಯ ಹಾಸಿಗೆಯಲ್ಲೇ ತನಗೊಂದು ಪಾತ್ರ ಕಟ್ಟಿಕೊಂಡ: ಗಂಟೆ ಬಾರಿಸಿ ಮಾತಾಡುವ ಕೋಟೆ ಕಾವಲುಗಾರ. ಒಮ್ಮೆ ಬಾರಿಸಿದರೆ ಹೌದು, ಎರಡು ಸಲ ಬಾರಿಸಿದರೆ ಇಲ್ಲ.

ಅವನು ಮನೆಗೆ ಮರಳಿದ ಮೇಲಿನ ಭಾನುವಾರ ಗೆಳೆಯರು ಬಂದರು. ಮೊದಮೊದಲು ನಕ್ಕರು, ಕಾದರು. ಆಮೇಲೆ ಅವನು ಗಂಟೆ ಎತ್ತುವಷ್ಟರಲ್ಲಿ ಆಟ ಮುಂದೆ ಹೋಗಿರುತ್ತಿತ್ತು. "ನೀನು ಸುಸ್ತು ಮಾಡ್ಕೋಬೇಡ, ನಿನ್ನ ಪರವಾಗಿ ನಾನೇ ಹೇಳ್ತೀನಿ," ಎಂದ ಮೂವರಲ್ಲೊಬ್ಬನಾದ ಗಡಿಯಾರ ರಿಪೇರಿಯವನು, ಪ್ರೀತಿಯಿಂದಲೇ. ಸಂಜೆಯ ಹೊತ್ತಿಗೆ, ಇವನು ಎರಡು ಸಲ ಬಾರಿಸಿ ಬೇಡವೆಂದ ಬಾಗಿಲನ್ನೇ ಕಾವಲುಗಾರ ಆ ಗೆಳೆಯನ ಬಾಯಲ್ಲಿ ತೆರೆದಿದ್ದ.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಆಟ ಗಡಿಯಾರದವನ ಮನೆಗೆ ಹೋಗಿದೆಯೆಂದು ಹೆಂಡತಿಗೆ ಬೀದಿಯಲ್ಲಿ ತಿಳಿಯಿತು. ಅವಳು ಗಂಡನೆದುರು ಕುರ್ಚಿ ಎಳೆದು ಕೂತಳು.

"ನಂಗೂ ಒಂದು ಪಾತ್ರ ಮಾಡ್ಕೊಡಿ. ನಾನಾಡ್ತೀನಿ."

ಓದು ಬಾರದ ಅವಳಿಗೆ ಆಟ ಕಲಿಸಲು ಬಾಯಿಯೇ ಬೇಕಿತ್ತು. ಅವನು ದಾಳವನ್ನು ಅವಳ ಅಂಗೈಯಲ್ಲಿಟ್ಟು ಸನ್ನೆ ಮಾಡಿದ, ಮತ್ತೆ ಮಾಡಿದ. ಅರ್ಥವಾದವಳಂತೆ ತಲೆಯಾಡಿಸಿ ಅವಳು ದಾಳ ಉರುಳಿಸಿದಳು. ಏನು ಬಿತ್ತೆಂದು ಇಬ್ಬರೂ ಬಗ್ಗಿ ನೋಡಿದರು. ಅದರಿಂದ ಏನಾಯಿತೆಂದು ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.