ಮಾವನವರು ಬಿಟ್ಟ ಬಸವಗಳು

ನನ್ನ ಮಾವನವರು ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವ ಮನುಷ್ಯ. ಶಿಕಾರಿಪುರಕ್ಕೆ ಹೋದರೆ ಖಾನಾವಳಿಯಲ್ಲಿ ಎಲೆಯ ಮುಂದೆ ಕೂರುವ ಮೊದಲು, ಆ ಬೀದಿಯಲ್ಲಿ ಎಲ್ಲಾದರೂ ಮಾಂಸದಂಗಡಿ ಇದೆಯೇ ಎಂದು ವಿಚಾರಿಸುತ್ತಿದ್ದರು. ಹಾಲು, ಮೊಸರು, ಬೆಣ್ಣೆ, ತುಪ್ಪ ಮಾತ್ರ ಅವರ ಪ್ರಕಾರ ಮರದಲ್ಲಿ ಬಿಡುವ ವಸ್ತುಗಳು. ದಿನಕ್ಕೆ ಎಷ್ಟು ಲೋಟ ಕುಡಿಯುತ್ತಿದ್ದರು ಎಂದು ಹೇಳಿದರೆ ದೃಷ್ಟಿಯಾದೀತು, ಬಿಡಿ.

ಸೊರಬದ ಕುಪ್ಪಗಡ್ಡೆಯಿಂದ ಈಸೂರಿನ ಕಡೆಯ ಆ ಮನೆಗೆ ನಾನು ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಆಗಷ್ಟೇ ಊರಿಗೆ ಡೇರಿ ಬಂದು, ಕೊಟ್ಟಿಗೆಗಳಿಗೆಲ್ಲ ಜರ್ಸಿ ಹಸು ಬಂದಿದ್ದವು. ಹಸು ಹೆಣ್ಣುಗರು ಹಾಕಿದರೆ ಮನೆಯಲ್ಲಿ ಹಬ್ಬ. ಗಂಡುಗರು ಹಾಕಿದರೆ ಗಂಡಾಂತರ. ಹಿಣಿಲಿಲ್ಲದ ಜರ್ಸಿ ಹೋರಿಯ ಹೆಗಲಿಗೆ ನೊಗ ನಿಲ್ಲುವುದಿಲ್ಲ, ಸುಮ್ಮನೆ ಹುಲ್ಲಿಗೆ ದಂಡ. ಹಾಗೆಂದು ಮಾರಿದರೆ ಅದು ಎಲ್ಲಿಗೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು, ಪಾಪ ಸುತ್ತಿಕೊಳ್ಳುತ್ತದೆ.

ಮಾವನವರು ಅದಕ್ಕೊಂದು ದಾರಿ ಹುಡುಕಿದ್ದರು. ಗಂಡುಗರು ಹುಲ್ಲು ಮೇಯುವಷ್ಟಾದ ಕೂಡಲೇ ಅದರ ಹಣೆಗೆ ವಿಭೂತಿ ಬಳಿದು, ಕೊರಳಿಗೆ ಗಂಟೆ ಕಟ್ಟಿ, ದೇವರ ಹೆಸರಿನಲ್ಲಿ ಬಸವ ಬಿಟ್ಟುಬಿಡುವುದು. ಹಾಲು ಕರೆದದ್ದು ಪಾಪವೇ ಇರಬಹುದು, ಬಸವ ಬಿಟ್ಟದ್ದು ಪುಣ್ಯ ತಾನೇ, ಕೂಡಿ ಕಳೆದರೆ ಎಲ್ಲ ಸಮ ಎಂದು ಕಟ್ಟೆಯ ಮೇಲೆ ಕೂತು ವಿವರಿಸುತ್ತಿದ್ದರು. ಬಸವ ಬಿಟ್ಟ ದಿನ ಒಂದು ಲೋಟ ಹಾಲು ಹೆಚ್ಚಿಗೆ ಕುಡಿಯುತ್ತಿದ್ದರು. ದೇವರ ಬಸವನನ್ನು ಯಾರೂ ಹೊಡೆಯುವಂತಿಲ್ಲ, ಅದು ಊರವರ ಹೊಲ ಮೇಯ್ದುಕೊಂಡು ಬೆಳೆಯುತ್ತಿತ್ತು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ.

ಇದೇ ಮಹಾನುಭಾವರು ಊರ ದನ ಮೇಯುವ ಗೋಮಾಳದ ಒಂದು ಅಂಚನ್ನು ಮೆಲ್ಲಗೆ ತಮ್ಮ ಬೇಲಿಯೊಳಗೆ ಎಳೆದುಕೊಂಡಿದ್ದರು. ಆ ಪಾಪ ಕಳೆಯಲು ಕೆರೆ ಏರಿಯ ಮೇಲೆ ಹೊಂಗೆ ಸಸಿ ನೆಟ್ಟರು. ಮೇಯಲು ಗೋಮಾಳ ಸಾಲದೆ ಬಸವಗಳು ಏರಿ ಹತ್ತಿ ಆ ಸಸಿಗಳನ್ನು ಬುಡಸಮೇತ ತಿಂದವು. ಒಂದು ಪುಣ್ಯ ಇನ್ನೊಂದು ಪುಣ್ಯವನ್ನು ಮೇಯ್ದು ತೇಗಿತು.

ಬಸವಗಳು ಮೈದುಂಬಿಕೊಂಡ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಮಾಯವಾಗುತ್ತಿದ್ದವು. ಕೋಳಿಗಿಂತ ಮುಂಚೆ ಏಳುವ ಮಾವನವರು ಆ ದಿನ ಮಾತ್ರ ಬಿಸಿಲೇರುವ ತನಕ ಮುಸುಕು ತೆಗೆಯುತ್ತಿರಲಿಲ್ಲ. ಎದ್ದ ಮೇಲೆ, ಶಿವ ಕರೆಸಿಕೊಂಡ ಎನ್ನುತ್ತಿದ್ದರು. ಶಿವನ ಟೆಂಪೋ ಬಂದು ಹೋದ ಡೀಸೆಲ್ ವಾಸನೆ ಇನ್ನೂ ಬೀದಿಯಲ್ಲೇ ಇರುತ್ತಿತ್ತು.

ಒಂದು ವರ್ಷ ಆ ಟೆಂಪೋದ ದಲ್ಲಾಳಿ ಈ ಕಡೆ ತಲೆಹಾಕಲಿಲ್ಲ. ಬಸವಗಳು ಊರಲ್ಲೇ ಉಳಿದು ಹೋರಿಗಳಾದವು. ಮುಂಗಾರಿನ ಬಿತ್ತನೆ ಮೊಳಕೆ ಒಡೆಯುವ ಹೊತ್ತಿಗೆ ಊರವರ ಸಹನೆ ಮುಗಿಯಿತು. ಒಂದು ಬೆಳಗ್ಗೆ ಅಷ್ಟನ್ನೂ ಹೊಡೆದುಕೊಂಡು ಬಂದು ನಮ್ಮ ಕೊಟ್ಟಿಗೆಯ ಗೂಟಕ್ಕೆ ಕಟ್ಟಿ, ನಿಮ್ಮ ದೇವರು ನಿಮ್ಮ ಮನೆಯಲ್ಲೇ ಇರಲಿ ಎಂದು ಕೈಮುಗಿದು ಹೋದರು. ನನಗೆ ಸೆರಗಿನೊಳಗೆ ನಗು ತಡೆಯಲಾಗಲಿಲ್ಲ. ಬಣವೆಯ ಹುಲ್ಲು ತಳ ಕಂಡಿತ್ತು. ದೇವರಿಗೆ ಹಾಕಿದರೆ ಕರೆಯುವ ಹಸುವಿಗಿಲ್ಲ.

ಆ ನಗು ನನಗೆ ದಕ್ಕಲಿಲ್ಲ. ಮಾವನವರು ಯೋಚಿಸಿ, ಅಷ್ಟೂ ಹೋರಿಗಳನ್ನು ಲಾರಿಗೆ ಹತ್ತಿಸಿ, ಬೀಗರಿಗೆ ಗೋದಾನ ಎಂದು ನನ್ನ ಅಪ್ಪನ ಮನೆಗೆ ಕಳಿಸಿದರು. ಮಗಳ ಮನೆಯಿಂದ ಬಂದ ದಾನವನ್ನು ಬೇಡ ಎನ್ನಲು ಯಾವ ಅಪ್ಪನಿಗೆ ಬಾಯಿ ಬರುತ್ತದೆ? ಅಪ್ಪ ಕಟ್ಟಿ ಹುಲ್ಲು ಹಾಕಿದರು. ಅವು ಹಗ್ಗ ಹರಿದು ಭತ್ತದ ಸಸಿಮಡಿಗೆ ನುಗ್ಗಿ, ನಾಟಿಗೆ ಇಟ್ಟ ಸಸಿಯನ್ನೆಲ್ಲ ಮುಗಿಸಿದವು. ಮುಂದಿನ ಸಂತೆಗೆ ಅಪ್ಪ ಹಗಲು ಹೊತ್ತಿನಲ್ಲಿ ಅವನ್ನು ನಡೆಸಿಕೊಂಡು ಹೋಗಿ, ಕೇಳಿದವರಿಗೆ ಮಾರಿ ಬಂದರು.

ಸುದ್ದಿ ಬಸ್ಸಿಗಿಂತ ಬೇಗ ಮಾವನವರನ್ನು ಮುಟ್ಟಿತು. ಪಂಚಮಿಗೆ ನನ್ನನ್ನು ಕರೆದೊಯ್ಯಲು ಅಪ್ಪ ಬಂದಾಗ, ಅವರನ್ನು ಕಟ್ಟೆಯ ಮೇಲೆ ಕೂಡಿಸಿದರೇ ಹೊರತು ಕಾಲಿಗೆ ನೀರು ಕೊಡಿಸಲಿಲ್ಲ. ನಾನು ಚೀಲ ಕಟ್ಟಿಟ್ಟು, ಹೊರಡುವ ಮೊದಲು ಹಾಲು ಕರೆದುಬಿಡೋಣ ಎಂದು ಪಾತ್ರೆ ಹಿಡಿದು ಬರುತ್ತಿದ್ದೆ.

ಮಾವನವರು ಹೇಳಿದರು: "ದೇವರ ಬಸವನ್ನ ಕಟುಕರಿಗೆ ಕೊಟ್ಟ ಮನಿ ಅದು. ನಮ್ಮ ಸೊಸಿ ಇನ್ನ ಆ ಮನಿ ನೀರು ಮುಟ್ಟಂಗಿಲ್ಲ, ಬೀಗ್ರೆ. ಪಂಚಮಿಗೂ ಇಲ್ಲ, ಯಾವುದಕ್ಕೂ ಇಲ್ಲ."

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನೀವು ಕತ್ಲಲ್ಲಿ ಕಳಿಸ್ತಿದ್ರಿ, ನಾನು ಹಗಲಲ್ಲಿ ಕೊಟ್ಟೆ. ಬೇರೆ ಏನೂ ಮಾಡಿಲ್ಲ," ಎಂದರು.

ಕುಪ್ಪಗಡ್ಡೆಯಲ್ಲಿ ಅವ್ವ ಉಂಡೆ ಕಟ್ಟಿಟ್ಟು ದಾರಿ ಕಾಯುತ್ತಿದ್ದಳು. ವರ್ಷಕ್ಕೊಮ್ಮೆ ನನಗೆ ತೆರೆಯುವ ಬಾಗಿಲು ಅದು. ಹಾಲು ಕುಡಿದವರು ಇವರು, ಹೋರಿ ಹುಟ್ಟಿಸಿದವರು ಇವರು, ಬಾಗಿಲು ಮುಚ್ಚುವುದು ನನಗೆ! ಪಾತ್ರೆಯನ್ನು ಮಾವನವರ ಕಾಲ ಬಳಿ ಇಟ್ಟೆ.

"ನಾನೂ ಅದೇ ಮನೆ ಮಗಳು, ಮಾವಾರೆ. ನನ್ನ ಕೈಯ ಹಾಲೂ ನಿಮಗೆ ಮೈಲಿಗೇನೆ. ಇವತ್ತಿಂದ ನೀವೇ ಕರ್ಕಳಿ."

ಸೊಸೆ ಎದುರಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ಮಾವನವರು ಸೆಟೆದುಕೊಂಡು ಪಾತ್ರೆ ಎತ್ತಿಕೊಂಡರು. ಕರುವನ್ನು ಒಂದು ಗಳಿಗೆ ಮೊಲೆಗೆ ಬಿಟ್ಟು, ಹಾಲು ಇಳಿಯುತ್ತಿದ್ದಂತೆ ಎಳೆದು ಕಟ್ಟಿ, ಪಂಚೆ ಎತ್ತಿ ಕುಕ್ಕರಗಾಲಿನಲ್ಲಿ ಕೂತರು. ವರ್ಷಗಟ್ಟಲೆ ನನ್ನ ಕೈಯನ್ನೇ ಬಲ್ಲ ಹಸು ಒಂದೇ ಒದೆಗೆ ಪಾತ್ರೆಯನ್ನೂ ಪಾತ್ರೆ ಹಿಡಿದವರನ್ನೂ ಸಗಣಿಗೆ ಉರುಳಿಸಿತು. ನನ್ನ ಗಂಡ ಹೋಗಿ ಕೂತರು, ಅವರಿಗೂ ಅದೇ ಪ್ರಸಾದ. ಕೆಚ್ಚಲು ಬಿಗಿದು ಹಸು ಅಂಬಾ ಎನ್ನತೊಡಗಿತು. ಡೇರಿಯ ಹೊತ್ತು ಮೀರುತ್ತಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಅಪ್ಪನ ಪಕ್ಕ ನಿಂತೆ.

ಮಾವನವರು ಒದ್ದೆ ಪಂಚೆ ಹಿಂಡಿಕೊಳ್ಳುತ್ತಾ, ನನ್ನ ಮುಖ ನೋಡದೆ, ಹೋಗಿ ಬೇಗ ಬಾರವ್ವ ಎಂದರು. ಆಮೇಲೆ ನನ್ನ ಗಂಡನಿಗೆ, ಕರು ಬಿಚ್ಚೋ, ಹಸು ಸಾಯ್ತೈತಿ ಎಂದು ಗದರಿದರು.

ಕರು ಓಡಿಬಂದು ಮೊಲೆಗೆ ಬಿತ್ತು. ಯಾರೂ ಅದನ್ನು ಎಳೆಯಲಿಲ್ಲ. ಮೂತಿಯ ತುಂಬ ನೊರೆ ಮಾಡಿಕೊಂಡು, ಇನ್ನು ಸಾಕೆಂದು ತಾನೇ ಬಿಟ್ಟು ಈಚೆ ಬಂತು. ಆ ಮನೆಯಲ್ಲಿ ಒಂದು ಕರು ಹೊಟ್ಟೆ ತುಂಬ ಹಾಲು ಕುಡಿದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.